ಎರಡು ಹಂಡೆ, ಮುಚ್ಚಳ ಒಂದೂ ಇಲ್ಲ

ಪೆಟ್ಟಿಗೆ ಬಿಚ್ಚಿದ ಕೂಡಲೇ ಬ್ರಾನಿ ಟ್ರೆಲೋರಳಿಗೆ ಮೈಯೆಲ್ಲ ಉರಿದುಹೋಯಿತು.

ಒಂದು ಪೆಟ್ಟಿಗೆಯಲ್ಲಿ ಸ್ಟೀಲಿನ ದೊಡ್ಡ ಹಂಡೆ. ಎರಡನೆಯದರಲ್ಲೂ ಸ್ಟೀಲಿನ ದೊಡ್ಡ ಹಂಡೆ. ಮುಚ್ಚಳ ಇಲ್ಲ, ಪಂಪು ಇಲ್ಲ, ಕುದಿಸಿದ್ದನ್ನು ತಣ್ಣಗೆ ಮಾಡುವ ತಾಮ್ರದ ಸುರುಳಿ ಇಲ್ಲ. ಮನೆಯಲ್ಲೇ ಬಿಯರ್ ಕಾಯಿಸುವ ಯಂತ್ರ ಕಳಿಸಿ ಎಂದರೆ, ಆ ಪುಣ್ಯಾತ್ಮರು ಸ್ನಾನಕ್ಕೆ ನೀರು ಕಾಯಿಸಿಕೋ ಎಂಬಂತೆ ಎರಡು ಹಂಡೆ ಕಳಿಸಿದ್ದರು.

ತಂಗಿ ಟ್ಯಾಮ್ಸಿನ್ ಮದುವೆಗೆ ಉಳಿದಿದ್ದು ಆರೇ ವಾರ. "ಮದುವೆ ಬಿಯರ್ ನಂದು. ಅಂಗಡಿಯಿಂದ ಒಂದು ಬಾಟ್ಲಿನೂ ತರಕೂಡದು" ಎಂದು ಇಡೀ ಸ್ಟ್ರೀಕಿ ಬೇ ಊರಿಗೆ ಕೇಳುವಂತೆ ಜಂಬ ಕೊಚ್ಚಿಕೊಂಡಿದ್ದಳು. ಹಳೆಯ ಪಾತ್ರೆಯ ತಳ ತೂತಾಗಿತ್ತು. ಕಾಯಿಸಿದ ಮೇಲೆ ಹದಕ್ಕೆ ಬರಲು ಮೂರು ವಾರವಾದರೂ ಬೇಕು. ಬ್ರಾನಿ ಕಂಪನಿಗೆ ಫೋನ್ ಹಚ್ಚಿದಳು. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಂದು ಹುಡುಗಿಯ ದನಿ ಬಂತು.

"ಮೇಡಂ, ಬರದೇ ಇರೋ ಸಾಮಾನಿನ ಫೋಟೋ ಒಂದು ಕಳಿಸ್ತೀರಾ?"

"ಬರದೇ ಇರೋದರ ಫೋಟೋ ಹೇಗೆ ತೆಗೀಲಿ ತಾಯಿ? ನೀನೇ ಹೇಳ್ಕೊಡು!"

ಹುಡುಗಿ ಪಾಪ, ಅಳುವ ಹಾಗಾದಳು. ಫೋನಿಟ್ಟ ಮೇಲೆ ಬ್ರಾನಿಗೆ ಮನಸ್ಸು ಕೆಟ್ಟಿತು. ಹೀಗೆ ಯಾರ ಮೇಲಾದರೂ ಹಾರಿಹಾಯ್ದಾಗಲೆಲ್ಲ ಡಾರಿಲ್ ನೆನಪಾಗುತ್ತಿದ್ದ. ಅವಳ ಜೊತೆ ಮದುವೆಗೆ ದಿನ ಗೊತ್ತಾಗಿದ್ದರೂ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದವನು. ಹೋಗುವಾಗ ಬಾಗಿಲಲ್ಲಿ ನಿಂತು, "ನಿನ್ನ ಗೊಣಗಾಟದ ಜೊತೆ ಯಾವ ಗಂಡಸೂ ಬಾಳಲ್ಲ ಕಣೇ" ಎಂದಿದ್ದ. ಆಗ ಅವಳು ಚಪ್ಪಲಿ ಎಸೆದಿದ್ದಳು. ಆದರೆ ಆ ಮಾತು ಮಾತ್ರ ಅವಳ ಮನೆಯಲ್ಲೇ ಉಳಿದುಕೊಂಡಿತು. ನಿಜವಿರಬಹುದೇನೋ ಎಂಬ ಭಯವೂ ಅದರ ಜೊತೆಗೇ ಉಳಿಯಿತು.

ಮಾರನೆಯ ಸಂಜೆ, ತಾನು ಓಡಿಸುವ ಸ್ಕೂಲ್ ಬಸ್ಸು ನಿಲ್ಲಿಸಿ ಮನೆಗೆ ಬರುವ ಹೊತ್ತಿಗೆ ಫೋನ್ ಬಡಿದುಕೊಳ್ಳುತ್ತಿತ್ತು.

"ಬ್ರಾನಿ ಟ್ರೆಲೋರ್ ಅವರಾ?" ಗಂಡಸಿನ ದನಿ. ನಿಧಾನ ಅಂದರೆ ನಿಧಾನ.

"ಹೌದು. ಏನಾದ್ರೂ ಮಾರೋಕೆ ಫೋನ್ ಮಾಡಿದ್ರೆ ಇಟ್ಬಿಡಿ."

"ಇಲ್ಲ. ನನ್ನ ಹತ್ರ ಎರಡು ಮುಚ್ಚಳ ಇದೆ."

ಬ್ರಾನಿ ಹಾಗೇ ಕುರ್ಚಿಯ ಮೇಲೆ ಕುಳಿತಳು.

"ಎರಡು ಪಂಪು, ಎರಡು ಸುರುಳಿನೂ ಇದೆ. ಹಂಡೆ ಇಲ್ಲ. ಒಂದು ಪೆಟ್ಟಿಗೆ ಮೇಲೆ ನಿಮ್ಮ ಹೆಸರು, ನಂಬರ್ ಇತ್ತು."

"ನನ್ನ ಹೆಸರಿರೋ ಪೆಟ್ಟಿಗೇನ ನೀವ್ಯಾಕ್ರೀ ಬಿಚ್ಚಿದ್ರಿ?"

"ಬಿಚ್ಚಿದ್ಮೇಲೆ ನೋಡ್ದೆ. ನಿಮ್ಮ ಹತ್ರ ಇರೋ ಎರಡನೇ ಪೆಟ್ಟಿಗೆ ಮೇಲೆ ಯಾರ ಹೆಸರಿದೆ?"

ಬ್ರಾನಿ ಕಾಲಿನಿಂದಲೇ ಪೆಟ್ಟಿಗೆಯನ್ನು ಹೊರಳಿಸಿ ನೋಡಿದಳು. ಕ್ಲೆಮ್ ನೋಸ್ಕಿ, ಊರು ಕಿಂಬಾ ಎಂದು ಕಣ್ಣಿಗೆ ಹೊಡೆಯುವಷ್ಟು ದಪ್ಪಕ್ಕೆ ಬರೆದಿತ್ತು.

"ಅದೆಲ್ಲ ಈಗ್ಯಾಕೆ?" ಎಂದಳು.

ಆ ಕಡೆಯಿಂದ ಒಂದು ನಗು ಕೇಳಿಸಿತು. ಪೂರ್ತಿ ನಗುವೂ ಅಲ್ಲ, ಮೂಗಿನಿಂದ ಹೊರಬಿಟ್ಟ ಗಾಳಿ. ಆದರೆ ಅದು ಅವಳ ಕಿವಿಯಲ್ಲಿ ರಾತ್ರಿಯವರೆಗೂ ಇತ್ತು, ಅದಕ್ಕೂ ಅವಳಿಗೆ ಸಿಟ್ಟು ಬಂತು.

ಎರಡೂ ಊರಿನ ನಡುದಾರಿಯಲ್ಲಿ, ಪೆಟ್ರೋಲು, ಊಟ ಸಿಗುವ ಡಲ್ಸಿಯ ರೋಡ್‌ಹೌಸ್ ಇದೆ. ಅಡಿಲೇಡ್‌ನಿಂದ ಬರುವ ಲಾರಿ ಸುತ್ತಮುತ್ತಲಿನವರ ಸಾಮಾನನ್ನೆಲ್ಲ ಅಲ್ಲೇ ಇಳಿಸಿ ಹೋಗುತ್ತದೆ. ಶನಿವಾರ ಅಲ್ಲಿಯೇ ಭೇಟಿ ಎಂದಾಯಿತು. ಬ್ರಾನಿ ಬೇಗ ಹೋಗಿ, ಮೀಟ್ ಪೈ ತಿಂದು, ಬಂದವನಿಗೆ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಕುಳಿತಳು. ಆ ದಾರಿಯಲ್ಲಿ ಎದುರು ಬರುವ ಗಾಡಿಯವರೆಲ್ಲ ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳುವುದು ವಾಡಿಕೆ. ಆದರೆ ಧೂಳು ಮೆತ್ತಿದ ಬಿಳಿ ಗಾಡಿಯಲ್ಲಿ ಬಂದವನು ಅವಳನ್ನು ಕಂಡೊಡನೆ ಇಡೀ ಅಂಗೈ ಎತ್ತಿಬಿಟ್ಟ. ಎತ್ತಿದ ಮೇಲೆ ತಾನೇ ನಾಚಿಕೊಂಡು ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ತಲೆಯ ಮೇಲಿಟ್ಟುಕೊಂಡ. ಬ್ರಾನಿಗೆ ಬಾಯಿಪಾಠ ಮಾಡಿದ್ದರಲ್ಲಿ ಅರ್ಧ ಮರೆತುಹೋಯಿತು.

ಉಳಿದರ್ಧವನ್ನು ಡಲ್ಸಿ ಹಾಳುಮಾಡಿದಳು.

"ಅಯ್ಯೋ, ಆ ಪೆಟ್ಟಿಗೆಗಳಾ? ನಾನೇ ಕಳಿಸಿದ್ದು ಮಗಾ," ಎಂದಳು ಟೀ ತಂದಿಟ್ಟು. "ಕುರಿ ಸಾಕೋ ವಾರನ್ ನಿಮ್ಮೂರ ಕಡೆ ಹೊರಟಿದ್ದ, ಗಾಡೀಲಿ ಜಾಗ ಇತ್ತು, ದೊಡ್ಡವೆರಡು ಅವನಿಗೆ ಹಾಕ್ದೆ. ನರ್ಸಮ್ಮ ಕಿಂಬಾ ಕಡೆ ಹೊರಟಿದ್ಲು, ಚಿಕ್ಕ ಕಾರು, ಚಿಕ್ಕವೆರಡು ಅವಳಿಗೆ ಹಾಕ್ದೆ."

"ಹೆಸರು ನೋಡ್ಲಿಲ್ವಾ ಡಲ್ಸಿ?"

"ಎಲ್ಲಾ ಒಂದೇ ಕಂಪನೀದು ಅಲ್ವಾ?"

ಈಗ ಯಾರನ್ನು ಬೈಯುವುದು? ಆ ರಸ್ತೆಯಲ್ಲಿ ಯಾರೂ ಖಾಲಿ ಗಾಡಿ ಓಡಿಸುವುದಿಲ್ಲ. ಹೋಗುವವರು ಇನ್ನೊಬ್ಬರ ಸಾಮಾನು ಒಯ್ದು ಮನೆ ಬಾಗಿಲಿಗೆ ಇಟ್ಟುಬರುತ್ತಾರೆ, ಒಂದು ಥ್ಯಾಂಕ್ಸ್ ಕೂಡ ಕೇಳುವುದಿಲ್ಲ. ಬ್ರಾನಿ ಹಲ್ಲು ಕಚ್ಚಿಕೊಂಡು ಟೀ ಕುಡಿದಳು. ಎದುರಿಗೆ ಕ್ಲೆಮ್ ನೋಸ್ಕಿ ತುಟಿ ಬಿಗಿಹಿಡಿದು ಕಿಟಕಿಯಾಚೆ ನೋಡುತ್ತಿದ್ದ. ಅವನ ಭುಜ ಅಲುಗುತ್ತಿತ್ತು.

"ನಗಬೇಡಿ!"

"ನಗ್ತಾ ಇಲ್ಲ," ಎಂದ, ನಗುತ್ತಲೇ.

ಹೊರಗೆ ಹೋಗಿ ಸಾಮಾನು ಬದಲಾಯಿಸುವಾಗ ಇನ್ನೊಂದು ಗ್ರಹಚಾರ. ಕ್ಲೆಮ್‌ನ ಹಂಡೆಯ ಮೇಲಿನ ರಟ್ಟು ಪೂರ್ತಿ ಬಿಚ್ಚಿದರೆ, ನಲ್ಲಿಯ ಹತ್ತಿರ ತಲೆಯಷ್ಟು ದೊಡ್ಡ ತಗ್ಗು ಬಿದ್ದು ಸ್ಟೀಲು ಸೀಳಿತ್ತು. ಪೆಟ್ಟಿಗೆ ಹಾರಿಹೋಗದಿರಲೆಂದು ವಾರನ್ ಅದರ ಮೇಲೆ ಕುರಿ ನೆಕ್ಕುವ ಉಪ್ಪಿನ ಗಟ್ಟಿ ಹೇರಿದ್ದನಂತೆ.

"ಪರವಾಗಿಲ್ಲ," ಎಂದ ಕ್ಲೆಮ್. "ನಿಮ್ಮದು ಸರಿ ಇದೆಯಲ್ಲ, ಅಷ್ಟು ಸಾಕು. ಮದುವೆ ಇದೆ ಅಂದ್ರಲ್ಲ."

"ಪರವಾಗಿಲ್ಲ ಅಂತೆ! ದುಡ್ಡು ಕೊಟ್ಟು ತಗೊಂಡಿದ್ದು ಸೀಳಿಹೋಗಿದೆ, ಪರವಾಗಿಲ್ಲ ಅಂತೆ! ನಿಮಗೆ ಯಾಕೆ ಬೇಕಿತ್ತು ಇದು?"

ಅವನು ತುಸು ಹೊತ್ತು ಬೂಟಿನ ತುದಿ ನೋಡಿದ. "ಇಪ್ಪತ್ತು ವರ್ಷದಿಂದ ಬಾರ್ಲಿ ಬೆಳೀತಿದೀನಿ. ಎಲ್ಲಾ ಸೈಲೋ ಕಣಜಕ್ಕೆ ಹೋಗುತ್ತೆ, ಎಲ್ಲರ ಬೆಳೆ ಜೊತೆ ಕಲೆತುಹೋಗುತ್ತೆ. ಒಂದ್ಸಲನಾದ್ರೂ ನನ್ನ ಹೊಲದ್ದೇ ಕುಡೀಬೇಕು ಅಂತ ಆಸೆ. ಬಿಯರಿಗೆ ಅಂತ್ಲೇ ಒಂದು ಮೂಟೆ ಮೊಳಕೆ ಬರಿಸಿ ಒಣಗಿಸಿಟ್ಟಿದೀನಿ."

ಮನಸ್ಸು ಕರಗಿದ್ದು ಕಾಣಬಾರದೆಂದು ಬ್ರಾನಿ ಇನ್ನೂ ಜೋರಾಗಿ ಗದರಿದಳು. "ಹಾಗಾದ್ರೆ ಮೂಟೆ ಎತ್ಕೊಂಡು ನಾಳೆ ನನ್ನ ಶೆಡ್ಡಿಗೆ ಬನ್ನಿ. ಇಬ್ಬರದ್ದೂ ಒಟ್ಟಿಗೇ ಕಾಯಿಸೋಣ. ಮತ್ತೆ ಆ ಕಂಪನಿ ಹತ್ರ ನಿಮ್ಮ ಪರವಾಗಿ ನಾನೇ ಮಾತಾಡ್ತೀನಿ. ನೀವು ಮಾತಾಡಿದ್ರೆ ಪರವಾಗಿಲ್ಲ ಅಂದ್ಬಿಟ್ಟು ಬರ್ತೀರಿ."

ಭಾನುವಾರ ಅವನು ಬಂದ. ಶೆಡ್ಡಿನಲ್ಲಿ ಹಂಡೆ ಕುದಿಯತೊಡಗಿದಾಗ ಬಾರ್ಲಿಯ ಸಿಹಿ ಘಮ ಬೀದಿಯವರೆಗೂ ಹರಡಿತು. ಹಬೆಗೆ ಕ್ಲೆಮ್‌ನ ಕನ್ನಡಕ ಮಂಜಾಯಿತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ, ಎರಡೂ ಕೈಯಲ್ಲಿ ಉದ್ದನೆಯ ಸೌಟು ಹಿಡಿದು ತಿರುವುತ್ತಿದ್ದ. ಬ್ರಾನಿ ಕನ್ನಡಕ ತೆಗೆದು, ತನ್ನ ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಅವನ ಮೂಗಿನ ಮೇಲೆ ಕೂರಿಸಿದಳು. ಕಿವಿಯ ಹಿಂದೆ ಸಿಕ್ಕಿಸುವಾಗ ಅವಳ ಬೆರಳು ತಾಗಿ ಅವನ ಕಿವಿ ಕೆಂಪಾಯಿತು.

"ಈಗ ಕಾಣುತ್ತಾ?"

"ಕಾಣುತ್ತೆ," ಎಂದ. ಅವಳನ್ನೇ ನೋಡುತ್ತಿದ್ದ, ಹಂಡೆಯನ್ನಲ್ಲ.

"ತಿರುವು, ತಳ ಹಿಡಿಯುತ್ತೆ!" ಎಂದು ಗದರಿ ಬ್ರಾನಿ ಆ ಕಡೆ ತಿರುಗಿದಳು. ಬಹುವಚನ ಹೋಗಿ ಏಕವಚನ ಬಂದಿತ್ತು. ಅದನ್ನು ಇಬ್ಬರೂ ಗಮನಿಸಿದರು, ಇಬ್ಬರೂ ಗಮನಿಸದವರ ಹಾಗೆ ಇದ್ದರು.

ಕಂಪನಿಯವರು ಒಳ್ಳೆಯವರೇ. ಬಾಗಿಲು ಮುಟ್ಟುವ ಮೊದಲು ಒಡೆದದ್ದಕ್ಕೆಲ್ಲ ತಾವೇ ಹೊಣೆ ಎಂದು ಒಪ್ಪಿದರು. ಆದರೆ ಕಳಿಸಿದ್ದು ಏನು? ಬದಲಿಗೆ ಮೊದಲು ಬಂದ ಹಂಡೆಯ ಪ್ಲಗ್ ಬೇರೆ ಯಾವುದೋ ದೇಶದ ಗೋಡೆಗೆ ಹೊಂದುವಂಥದ್ದು. ಅದನ್ನು ಹಿಂದಕ್ಕೆ ಕಳಿಸಿದರೆ ಆಮೇಲೆ ಬಂದದ್ದು ನಾಲ್ಕು ಜನರಿಗೆ ಸೂಪ್ ಮಾಡುವಷ್ಟು ಪುಟ್ಟ ಪಾತ್ರೆ. ಬ್ರಾನಿ ಪ್ರತಿ ಸಂಜೆ ಕ್ಲೆಮ್‌ಗೆ ಫೋನ್ ಮಾಡಿ ಅಂದಿನ ವರದಿ ಒಪ್ಪಿಸುತ್ತಿದ್ದಳು. ಕಂಪನಿಯಿಂದ ಶುರುವಾದ ದೂರು ಬಸ್ಸಿನ ಮಕ್ಕಳಿಗೆ ಹೋಗಿ, ಅಲ್ಲಿಂದ ಬ್ರೇಕಿಗೆ, ನೊಣಕ್ಕೆ, ಟ್ಯಾಮ್ಸಿನ್‌ಳ ಹೂವಿನ ಹುಚ್ಚಿಗೆ ಹೋಗುತ್ತಿತ್ತು. ಅವನು "ಹ್ಞೂಂ" ಎನ್ನುತ್ತಿದ್ದ. ಹಿನ್ನೆಲೆಯಲ್ಲಿ ಅವನ ನಾಯಿ ಬೊಗಳುತ್ತಿತ್ತು. ಇಡೀ ದಿನ ಬ್ರಾನಿ ಆ ಹ್ಞೂಂಗಾಗಿ ಕಾಯತೊಡಗಿದಳು.

ಮದುವೆಯಲ್ಲಿ ಬಿಯರ್ ಗೆದ್ದಿತು. ಕ್ಲೆಮ್ ಮುಂಭಾಗ ಮಾತ್ರ ಇಸ್ತ್ರಿಯಾದ ಅಂಗಿ ಹಾಕಿಕೊಂಡು ಬಂದಿದ್ದ. ತನ್ನ ಹೊಲದ ಬಾರ್ಲಿಯ ಮೊದಲ ಗುಟುಕು ಕುಡಿದು ಕಣ್ಣು ಮುಚ್ಚಿದ.

"ಅಕ್ಕ, ಆ ಮನುಷ್ಯ ನಿನ್ನ ಹೇಗೆ ನೋಡ್ತಾನೆ ನೋಡಿದ್ಯಾ?" ಎಂದು ಟ್ಯಾಮ್ಸಿನ್ ಮದುವಣಗಿತ್ತಿಯ ಉಡುಪಿನಲ್ಲೇ ಚುಡಾಯಿಸಿದಳು.

"ನಿನ್ನ ಗಂಡನ್ನ ನೀನು ನೋಡ್ಕೋ ಹೋಗೇ," ಎಂದಳು ಬ್ರಾನಿ. ಆದರೆ ಒಳಗೊಳಗೇ ಹಿಗ್ಗಿದಳು.

ಹಿಗ್ಗು ಬಹಳ ಹೊತ್ತು ಇರಲಿಲ್ಲ. ಲೋಟ ತುಂಬಿಸಲು ಹೋದಾಗ, ಚಿಕ್ಕಪ್ಪ ಕ್ಲೆಮ್‌ನ ಬೆನ್ನು ತಟ್ಟಿ ದೊಡ್ಡ ದನಿಯಲ್ಲಿ ಹೇಳುವುದು ಕೇಳಿಸಿತು. "ನಮ್ಮ ಹುಡುಗಿ ವಟವಟ ಹೇಗೆ ತಡ್ಕೋತೀಯಪ್ಪಾ? ಒಬ್ಬ ಆಗ್ಲೇ ಓಡಿಹೋಗಿದಾನೆ!" ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಕ್ಲೆಮ್ ಕೂಡ ನಕ್ಕ.

ಬ್ರಾನಿ ಖಾಲಿ ಲೋಟವನ್ನು ಅಲ್ಲೇ ಇಟ್ಟುಬಿಟ್ಟಳು. ಇಷ್ಟು ದಿನ ಈ ಮನುಷ್ಯ ತಡೆದುಕೊಳ್ಳುತ್ತಿದ್ದನೇ ಹೊರತು ಕೇಳುತ್ತಿರಲಿಲ್ಲ. ಹ್ಞೂಂ ಎಂದರೆ ಸಾಕುಮಾಡು ಎಂದರ್ಥ, ತನಗೇ ತಿಳಿಯಲಿಲ್ಲ. ಇನ್ನು ಬಾಯಿ ಬಿಡುವುದಿಲ್ಲ ಎಂದು ಅವಳು ಅಲ್ಲೇ ನಿಶ್ಚಯ ಮಾಡಿದಳು.

ಆ ವಾರವೇ ಅವನಾಗಿ ಫೋನ್ ಮಾಡಿದ. "ಹಂಡೆ ಬಂತು."

"ಸರಿಯಾಗಿದೆಯಾ?"

"ಹ್ಞೂಂ. ಎಲ್ಲಾ ಸರಿಯಾಗಿದೆ."

ತಿಂಗಳಿಡೀ ಈ ಮಾತಿಗಾಗಿ ಅವಳು ಕಂಪನಿಯ ಜೀವ ತಿಂದಿದ್ದಳು. ಈಗ ಕೇಳಿದರೆ ಖುಷಿಯೇ ಆಗಲಿಲ್ಲ. ಅವನಿಗೆ ಫೋನ್ ಮಾಡಲು ಇನ್ನು ಯಾವ ನೆಪವೂ ಇಲ್ಲ.

"ಒಳ್ಳೇದಾಯ್ತು ಹಾಗಾದ್ರೆ," ಎಂದು ಇಟ್ಟುಬಿಟ್ಟಳು.

ಆಮೇಲೆ ಸಂಜೆಗಳು ಬಂದವು, ಹೋದವು. ಬ್ರಾನಿ ಫೋನನ್ನು ಮಗುಚಿಟ್ಟು ಟೀವಿ ನೋಡಿದಳು. ಬಸ್ಸಿನಲ್ಲಿ ಮಕ್ಕಳು ಸೀಟಿನ ಮೇಲೆ ಹತ್ತಿ ಕುಣಿದರೂ ಗದರಲಿಲ್ಲ. "ಮಿಸ್, ಹುಷಾರಿಲ್ವಾ?" ಎಂದು ಅವೇ ಹೆದರಿ ಕುಳಿತುಕೊಂಡವು.

ಶನಿವಾರ ಬೆಳಿಗ್ಗೆ ಬಿಳಿ ಗಾಡಿ ಗೇಟಿನ ಮುಂದೆ ಗಕ್ಕನೆ ನಿಂತಿತು. ಕ್ಲೆಮ್ ಇಳಿದು, ಹಿಂದಿನಿಂದ ಹೊಸ ಹಂಡೆಯನ್ನು ಎತ್ತಿ ತಂದು ಅವಳ ಅಂಗಳದಲ್ಲಿ ದೊಪ್ಪನೆ ಇಟ್ಟ. ಮುಖ ಕೆಂಡವಾಗಿತ್ತು.

"ನೋಡು ಇದನ್ನ! ಒಂದು ಗೀರು ಕೂಡ ಇಲ್ಲ. ಮುಚ್ಚಳ ಸರಿಯಾಗಿ ಕೂತ್ಕೊಳ್ಳುತ್ತೆ. ಪ್ಲಗ್ ಹೊಂದುತ್ತೆ. ನಲ್ಲಿ ಸೋರಲ್ಲ. ಇಷ್ಟು ಸರಿಯಾಗಿ ಕಳಿಸೋಕೆ ಅವರಿಗೇನು ರೋಗ ಬಂದಿತ್ತು? ಯಾರನ್ನ ಕೇಳಿ ಕಳಿಸಿದ್ರು?"

ಬ್ರಾನಿ ಬಗ್ಗಿ ನಲ್ಲಿ ತಿರುಗಿಸಿ ನೋಡಿದಳು, ಅವನು ನಿಲ್ಲಿಸಲಿಲ್ಲ.

"ಸಂಜೆ ಆದ್ರೆ ಫೋನ್ ಮುಂದೆ ಕೂತ್ಕೋತೀನಿ, ಬಡ್ಕೊಳ್ಳಲ್ಲ. ನಾಯಿ ಬಂದು ಫೋನ್ ನೋಡುತ್ತೆ, ನನ್ನ ಮುಖ ನೋಡುತ್ತೆ. ಅನ್ನ ನೀರು ಸೇರಲ್ಲ. ಮನೆ ಸ್ಮಶಾನ ಆಗಿದೆ. ಆ ಮಕ್ಕಳು ಏನು ಮಾಡಿದ್ವು, ಬ್ರೇಕ್ ಏನಾಯ್ತು, ಒಂದೂ ಗೊತ್ತಿಲ್ಲ. ಇಪ್ಪತ್ತು ವರ್ಷ ಒಬ್ಬನೇ ಇದ್ದೆ, ಆರಾಮಾಗಿದ್ದೆ. ಈಗ ಒಂದು ಸಂಜೆ ಕಳೆಯೋಕಾಗ್ತಿಲ್ಲ. ಇದಕ್ಕೆ ಯಾರ ಹತ್ರ ದೂರು ಕೊಡ್ಲಿ ನಾನು? ಯಾವ ನಂಬರಿಗೆ ಫೋನ್ ಮಾಡ್ಲಿ?"

ಅವನು ಏದುಸಿರು ಬಿಡುತ್ತ ನಿಂತ. ಅಷ್ಟು ಮಾತನ್ನು ಅವನು ಆ ವರ್ಷದಲ್ಲೇ ಆಡಿರಲಿಲ್ಲವೇನೋ.

"ಮದುವೇಲಿ ಚಿಕ್ಕಪ್ಪ ಹೇಳಿದಾಗ ನಕ್ಕೆಯಲ್ಲ ನೀನು," ಎಂದಳು ಬ್ರಾನಿ. "ಎಲ್ಲರ ಜೊತೆ ಸೇರ್ಕೊಂಡು ನಕ್ಕೆ."

"ನಕ್ಕೆ. ಓಡಿಹೋದೋನು ಎಂಥಾ ದಡ್ಡ ಇರಬೇಕು ಅಂತ ನಕ್ಕೆ! ಅವನು ಓಡಿಹೋಗದೆ ಇದ್ದಿದ್ರೆ ನನ್ನ ಗತಿ ಏನು?"

"ಹಾಗಂತ ಬಾಯಿಬಿಟ್ಟು ಹೇಳಬಾರದಿತ್ತಾ?"

"ನೀನು ಮಾತು ನಿಲ್ಲಿಸಿದ್ರೆ ತಾನೇ ನಾನು ಹೇಳೋದು!"

ಅವಳಿಗೆ ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ಅಂಗಿಯ ತೋಳಿನಿಂದ ಒರೆಸಿಕೊಂಡಳು. "ಈಗ ನಿಲ್ಲಿಸಿದೀನಿ. ಹೇಳು."

ಕ್ಲೆಮ್ ಹಂಡೆಯನ್ನು ನೋಡಿದ, ಬೂಟಿನ ತುದಿಯನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ. "ನಿನ್ನ ಮೇಲೆ ಪ್ರಾಣಾನೇ ಇಟ್ಕೊಂಡಿದೀನಿ, ಬ್ರಾನಿ. ನೀನು ಗೊಣಗೋದು ಕೇಳ್ತಾನೇ ಮುದುಕ ಆಗ್ಬೇಕು ನಾನು."

ಬ್ರಾನಿ ಎರಡು ಹೆಜ್ಜೆ ಮುಂದೆ ಬಂದು ಅವನ ಅಂಗಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಒಂದು ವಾರ!" ಎಂದಳು. "ಒಂದು ವಾರ ನಾನು ಅನುಭವಿಸಿದ್ದು ನಿನಗೆ ಗೊತ್ತಾ? ಆವತ್ತೇ ಬರೋಕೆ ಏನಾಗಿತ್ತು ನಿಂಗೆ? ಗಾಡಿ ಇರ್ಲಿಲ್ವಾ? ರಸ್ತೆ ಇರ್ಲಿಲ್ವಾ? ಟೀವಿ ನೋಡಿ ನೋಡಿ ನನ್ನ ಕಣ್ಣು ಹೋಯ್ತು, ಬಸ್ಸಲ್ಲಿ ಆ ಕೋತಿಗಳು ಸೀಟು ಹರಿದು ಹಾಕಿದಾವೆ, ಬ್ರೇಕ್ ಇನ್ನೂ ಕಿರ್ರ್ ಅಂತಿದೆ..."

ಕ್ಲೆಮ್ ಅವಳನ್ನು ತೋಳಲ್ಲಿ ಸೇರಿಸಿಕೊಂಡು ಗೇಟಿಗೆ ಒರಗಿ ನಿಂತ. ಅವಳ ತಲೆಯ ಮೇಲೆ ಗಲ್ಲವಿಟ್ಟು, ಕಣ್ಣು ಮುಚ್ಚಿ, ಎಲ್ಲವನ್ನೂ ಕೇಳಿದ.