ಇನ್ನೂರ ಹನ್ನೊಂದು ಗೀಟು

"ಛೀ! ಈ ಕೈಯಲ್ಲಿ ಬೈಬಲ್ ಮುಟ್ಟುವುದಾ? ಹೋಗಿ, ಇನ್ನೊಮ್ಮೆ ತೊಳ್ಕೊಂಡು ಬನ್ನಿ!"

ಲೋಲಾಕ್ಷಿ ಸಿದ್ದೇಶನಿಗೆ ಆಡಿದ ಮೊದಲ ಮಾತೇ ಇದು. ಉಡುಪಿಯ ಪೇಟೆ ಹುಡುಗಿ, ಫ್ರೆಂಚ್ ಡಿಪ್ಲೊಮಾದವಳು, ಮೂಗಿನ ತುದಿಯಲ್ಲೇ ಕೋಪ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಅರಬಾಬನ, ಅಂದರೆ ಅರಬ್ ಧಣಿಯ, ಖಾಸಗಿ ಲೈಬ್ರರಿ ಅವಳ ಉಸ್ತುವಾರಿಯಲ್ಲಿತ್ತು. ಏಳುನೂರು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಕರುವಿನ ಚರ್ಮದ ಮೇಲೆ ಬಂಗಾರ ಹಚ್ಚಿ ಬರೆದ ಬೈಬಲನ್ನು ಅವಳು ಅಧ್ಯಯನ ಮಾಡುತ್ತಿದ್ದಳು. ಅದನ್ನು ಬಿಚ್ಚಿ ಮತ್ತೆ ಹೊಲಿಯಲು ದುಬೈನ ಅಲ್ ಕೂಜ್‌ನಿಂದ ಬಂದವನು ಸಿದ್ದೇಶ, ಗದಗಿನ ಬೈಂಡರ್.

ತಿಂಗಳಿಡೀ ಅವಳದು ಅದೇ ತಾತ್ಸಾರ. ಆದರೂ ಅವನು ಬಂಗಾರದ ಅಕ್ಷರದ ಮೇಲೆ ಉಸಿರು ಬಿಗಿಹಿಡಿದು ಬಗ್ಗಿದಾಗ ಅವಳ ಕಣ್ಣು ಅಲ್ಲೇ ನಿಲ್ಲುತ್ತಿತ್ತು... 'ಥೂ, ನನಗೇನು ಬಂತು ರೋಗ!'

ಹೊಲಿಗೆಗೆ ಮುಂಚೆ ಎಣಿಕೆ. ಅವನು ಹಾಳೆ ಎತ್ತಿಟ್ಟು ಎಣಿಸಿದ, ಅವಳು ಪ್ರತಿ ಸಂಖ್ಯೆಗೂ ಒಂದು ಗೀಟು ಎಳೆದಳು. ಅವನು ಇನ್ನೂರ ಹನ್ನೆರಡು ಅಂದ, ದಾಖಲೆಯಲ್ಲಿದ್ದಷ್ಟೇ. ಗೀಟು ಇನ್ನೂರ ಹನ್ನೊಂದು!

"ಕಳ್ಳ! ನಡುವೆ ಸಂಖ್ಯೆ ಹಾರಿಸಿ ಹಾಳೆ ನುಂಗಿದಿರಾ?"

ಆಗಲೇ ಅರಬಾಬನಿಗೆ ಫೋನ್ ಮಾಡಿದಳು. "ನಾಳೆಯೇ ಅವನ ವೀಸಾ ಕ್ಯಾನ್ಸಲ್. ಖಲಾಸ್!" ಎಂದು ಅವನು ಫೋನಿಟ್ಟ.

ಸಿದ್ದೇಶ ಮತ್ತೆ ಹಾಳೆಗಳ ಮುಂದೆ ಕೂತ. "ಮೇಡಂ, ಇನ್ನೊಮ್ಮೆ ಎಣಸ್ತೇನ್ರಿ. ನಿಮ್ಮ ಕಣ್ಣ ಮುಂದ."

"ಎಣಿಸಿ, ಎಣಿಸಿ. ನಿಮ್ಮ ಬಂಡವಾಳ ಬಯಲಾಗಲಿ."

ಅವನು ಮೊದಲ ಹಾಳೆ ಎತ್ತಿದ. "ಲಾಭ..."

"ಮತ್ತೆ ಶುರುವಾಯ್ತು! ಬೆಳಿಗ್ಗೆ ಎಣಿಸುವಾಗಲೂ ಇದೇ. ದೇವರ ಪುಸ್ತಕ ಮುಟ್ಟುವಾಗಲೂ ಲಾಭದ್ದೇ ಜಪವಾ?"

"ಜಪ ಅಲ್ರೀ, ಎಣಿಕಿ! ಜೋಳ ಅಳಿಯೂವಾಗ ನಾವು ಒಂದು ಅನ್ನೂದಿಲ್ಲ. ಲಾಭ, ಎರಡು, ಮೂರು... ನಮ್ಮಜ್ಜ ಹಂಗ ಕಲಿಸ್ಯಾನ."

ಲೋಲಾಕ್ಷಿ ಗೀಟಿನ ಚೀಟಿ ಎಳೆದು ನೋಡಿದಳು. ಅವನು 'ಲಾಭ' ಅಂದ ಮೊದಲ ಹಾಳೆಗೆ ಅವಳು ಗೀಟೇ ಎಳೆದಿರಲಿಲ್ಲ! ಅಬ್ಬಬ್ಬಾ, ಏನು ಪಾಂಡಿತ್ಯ! ಏಳುನೂರು ವರ್ಷದ ಹಿಂದಿನ ಫ್ರೆಂಚ್ ಬರಹ ಓದುವ ಮಹಾತಾಯಿಗೆ ಎದುರು ಕೂತವನ ಕನ್ನಡ ತಿಳಿಯಲಿಲ್ಲ.

ಅವನು ಚೀಲ ಹೆಗಲಿಗೇರಿಸಿದ. "ವೀಸಾ ಹೋದ್ರ ಹೋಗ್ಲಿ ಬಿಡ್ರಿ. ಕಳ್ಳ ಅನ್ನಿಸ್ಕೊಂಡ ಜಾಗಾದಾಗ ನಾ ನಿಲ್ಲಂಗಿಲ್ಲ."

ಅವಳು ಮತ್ತೆ ಫೋನ್ ಎತ್ತಿದಳು, ಅವನ ಎದುರೇ. "ಅರಬಾಬ್, ಹಾಳೆಗಳೆಲ್ಲ ಇವೆ. ತಪ್ಪು ನನ್ನದು. ಕಳಿಸುವುದಾದರೆ ನನ್ನನ್ನು ಕಳಿಸಿ."

ಅರಬಾಬ್ ಕೂಗಾಡಿದ, ಬೈದ. ಕೊನೆಗೆ, "ಇಬ್ಬರೂ ಕೆಲಸ ಮುಗಿಸಿ. ಯಲ್ಲಾ, ಬೇಗ ಬೇಗ!" ಎಂದ.

"ಸಿದ್ದೇಶ್... ಕ್ಷಮಿಸಿ. ಮನಸ್ಸು ನಿಮ್ಮ ಹಿಂದೆಯೇ ಹೋಗ್ತಿತ್ತು. ಹೆದರಿಕೆಯಾಗಿ ನಿಮ್ಮನ್ನು ಕೀಳು ಮಾಡಿದೆ."

ಅವನು ಬಾಗಿಲಲ್ಲೇ ನಿಂತ. "ಖರೇ ಹೇಳ್ಲಿ? ಬಿಚ್ಚೂದು ನಾಕ್ ದಿನದ ಕೆಲಸ ಇತ್ರೀ. ನಿಮ್ಮನ್ನ ನೋಡಾಕಂತ ತಿಂಗಳ ಎಳದೇನಿ."

ಅವಳು ಅಳುತ್ತಲೇ ನಕ್ಕಳು. "ಹೊಲಿಯಲಿಕ್ಕೆ ಎಷ್ಟು ದಿನ?"

"ನೀವು ಹೇಳಿದಷ್ಟು."

"ಹಾಗಾದರೆ ಅವಸರ ಎಂಥದು ಮಾರಾಯ್ರೆ... ಚೀಲ ಕೆಳಗಿಡಿ."