ಮೂಜಿದ್ ಎಂದು ಬರೆದ ಚೀಟಿ

ಕಲ್ಯಾಣಪ್ಪ ಹರಿದ ಚೀಟಿಯನ್ನು ಕಸ್ತೂರಿಬಾಯಿಯ ಕಾಲ ಬುಡಕ್ಕೆ ಎಸೆದ.

"ಸ್ವಂತ ಅತ್ತಿ ಮಗನ್ನ ನಾಕು ಮಂದ್ಯಾಗ ಮೂಜಿ ಅಂತ ಬರದಿ. ನಾ ನಿನಗ ಏನ್ ಮಾಡಿದ್ದೆ?"

೧೯೩೯ರ ಚಳಿಗಾಲ. ಮಣ್ಣೂರಿನ ಕಮ್ಮಾರ ಕಲ್ಯಾಣಪ್ಪ ಬೀಜ ಬಿತ್ತಲು ಹೊಸ ಬಗೆಯ ಕೂರಿಗೆ ಮಾಡಿದ್ದ. ಹೊಲದ ಅಂಚಿನಲ್ಲಿ ಎತ್ತಿ ತಿರುಗಿಸುವಾಗ ಅದರ ಬಾಯಿ ತಾನೇ ಮುಚ್ಚಿಕೊಂಡು ಒಂದು ಕಾಳೂ ಚೆಲ್ಲುತ್ತಿರಲಿಲ್ಲ. ಅದನ್ನು ಅಫಜಲಪುರದ ಒಕ್ಕಲುತನದ ಪ್ರದರ್ಶನಕ್ಕೆ ಒಯ್ದಾಗ ಅಂಟಿಸಲು ಅವನ ಹೆಸರಿನ ಉರ್ದು ಚೀಟಿ ಬರೆದುಕೊಟ್ಟವಳು ಸೋದರಮಾವ ಅಣ್ಣಾರಾಯ ಮಾಸ್ತರರ ಮಗಳು ಕಸ್ತೂರಿ. ನಿಜಾಮರ ಸರ್ಕಾರದ್ದೆಲ್ಲ ಉರ್ದು, ಕಲ್ಯಾಣಪ್ಪನಿಗೆ ಆ ಅಕ್ಷರ ಬಾರದು. ಜವಾನ ಗಟ್ಟಿಯಾಗಿ ಓದಿದಾಗ ಅವನಿಗೆ ಕೇಳಿಸಿದ್ದು 'ಮೂಜಿ'. ಪೊಲೀಸರು ಬೈಯುವ ಮಾತು. ಜನ ನಕ್ಕರು. ಚೀಟಿ ಹರಿದು, ಕೂರಿಗೆಯನ್ನು ಬಂಡಿಗೆ ಹೇರಿ ಬಂದುಬಿಟ್ಟಿದ್ದ.

ಕಸ್ತೂರಿ ಚೂರುಗಳನ್ನು ನೆಲದ ಮೇಲೆ ಜೋಡಿಸಿದಳು.

"ಮೂಜಿ ಅಂದ್ರ ಪೀಡಾ ಕೊಡಾಂವ. ನಾ ಬರದದ್ದು ಮೂಜಿದ್. ಅಕ್ಷರನ ಬ್ಯಾರೆ. ಕಡೀಗೆ 'ದ' ಅನ್ನೂ ದಾಲ್ ಅಕ್ಷರ ಅದ ನೋಡು, ಓದಿದಾಂವ ನುಂಗ್ಯಾನ."

"ಹಂಗಂದ್ರ?"

"ವುಜೂದ್ ಅಂದ್ರ ಇರೋದು. ಅದರಿಂದ ಬಂದ ಮಾತು. ಎಲ್ಲೂ ಇಲ್ಲದ್ದನ್ನ ಇರೂಹಂಗ ಮಾಡಾಂವ ಮೂಜಿದ್. ನಿನ್ನ ಕೂರಿಗಿ ಹ್ವಾದ ವರ್ಷ ಎಲ್ಲಿತ್ತು?"

ಕಲ್ಯಾಣಪ್ಪ ಚೀಟಿಯ ಚೂರುಗಳನ್ನು ಬಾಚಿಕೊಂಡ. "ನಾಳೆ ಮತ್ತ ಒಯ್ತೇನಿ."

"ಇವತ್ತಿಗೆ ಮುಗೀತು ಪ್ರದರ್ಶನ. ಕೇಳಿ ಹರೀಬೇಕಿತ್ತು."

"ಬರೇ ಕಮ್ಮಾರ ಅಂತ ಬರದಿದ್ರ ಸಾಕಿತ್ತು."

"ನಿನಗ ಸಾಕಿತ್ತು. ನನಗ ಸಾಕಾಗ್ಲಿಲ್ಲ. ಎಂಟು ದಿನ ಅಪ್ಪನ ನಿಘಂಟು ತಿರುವಿ ಹುಡಿಕೇನಿ."

ಅಂದವಳೇ ತುಟಿ ಕಚ್ಚಿಕೊಂಡಳು. ಕಿವಿಯ ತನಕ ಕೆಂಪೇರಿತ್ತು. ಅವನು ಅಷ್ಟು ಹತ್ತಿರದಿಂದ ಅವಳನ್ನು ಎಂದೂ ನೋಡಿರಲಿಲ್ಲ.

"ಕಸ್ತೂರಿ..."

"ಮಾತಾಡ್ಸಬ್ಯಾಡ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಷ್ಟರಲ್ಲಿ ಅಣ್ಣಾರಾಯ ಮಾಸ್ತರರು ಶಾಲೆಯಿಂದ ಬಂದರು. ಕಲ್ಯಾಣಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ.

"ಮಾವ, ನಿಮ್ಮ ಮಗಳ ಜೋಡಿ ಜಗಳ ಮಾಡೇನ್ರಿ. ತಪ್ಪು ನಂದು. ಹೆಣ್ಣ ಕೇಳಾಕ ಅವ್ವನ್ನ ಕಳಸ್ಲೇನ್ರಿ?"

ಮಾಸ್ತರರು ಮುಚ್ಚಿದ ಬಾಗಿಲ ಕಡೆ ನೋಡಿದರು. "ನನ್ನೇನ್ ಕೇಳ್ತಿ. ಅಕಿನ್ನ ಕೇಳು."

ಬಾಗಿಲು ತೆರೆಯಲಿಲ್ಲ. ಕಲ್ಯಾಣಪ್ಪ ಮೆಟ್ಟಿಲು ಇಳಿದ.

"ಅತ್ತಿ ಬರಲಿ," ಅಂದಿತು ಒಳಗಿನ ದನಿ. "ಅಂವ ಮಾತ್ರ ಒಂದು ವಾರ ಈ ಕಡಿ ಹಾಯಬಾರ್ದು."