ಗವಿಯ ಮುಂದಿನ ಗಡಿಗೆ

ನಿಜಾಮರ ಕಾಲದಲ್ಲಿ ನನ್ನದು ಶಾಸನಗಳ ಪಡಿಯಚ್ಚು ತೆಗೆಯುವ ನೌಕರಿ. ಮಸ್ಕಿಯ ಗುಡ್ಡಗಳಲ್ಲಿ ಹಳೆಯ ಬೌದ್ಧ ವಿಹಾರವೇನಾದರೂ ಇದೆಯೇ ಎಂದು ನೋಡಿಬರಲು ಒಂದು ಬೇಸಿಗೆಯಲ್ಲಿ ಕಳಿಸಿದರು.

ಒಬ್ಬರು ಮಲಗುವಷ್ಟು ಜಾಗದ ಗವಿಯೊಂದು ಸಿಕ್ಕಿತು. ಒಳಗೋಡೆಯನ್ನು ಯಾರೋ ಉಳಿಯಿಂದ ನಯ ಮಾಡಿದ್ದರು. ಬಾಗಿಲಲ್ಲಿ ಗಡಿಗೆ ತುಂಬ ನೀರಿತ್ತು. ಗೋಡೆಯಲ್ಲಿ ಸವೆದ ಅಕ್ಷರಗಳಿರಬಹುದೆಂದು ಆ ನೀರನ್ನೆಲ್ಲ ಬಳಸಿ ಕಾಗದ ತೋಯಿಸಿ, ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದೆ. ಕಲ್ಲು ಮನುಷ್ಯರ ಮೈಯಷ್ಟು ಬೆಚ್ಚಗಿತ್ತು. ನಾನು ಕೈ ನಿಲ್ಲಿಸಿದ ಮೇಲೂ ಬಂಡೆಯೊಳಗಿಂದ ಅದೇ ಬಡಿತ ಸ್ವಲ್ಪ ಹೊತ್ತು ಕೇಳಿಸಿತು.

ಹೊರಗೆ ಬಂದಾಗ ಕುರಿ ಮೇಯಿಸುತ್ತಿದ್ದ ಮುದುಕಿ ಜೋಗಮ್ಮ ಗಡಿಗೆಯೊಳಗೆ ಇಣುಕುತ್ತಿದ್ದಳು.

"ನೀರು ಏನ್ ಮಾಡಿದ್ರಿ ಸಾಹೇಬ್ರ?"

"ಕಾಗದ ತೋಯಿಸಿದೆ."

"ಅದು ಒಳಗಿರೋರಿಗೆ ಇಟ್ಟಿದ್ದು ರೀ. ನಮ್ಮವ್ವನೂ ಇಡತಿದ್ಲು."

"ಒಳಗ ಯಾರೂ ಇಲ್ಲಲ್ಲವ್ವಾ."

ಅವಳು ಖಾಲಿ ಗಡಿಗೆಯನ್ನು ತಲೆಯ ಮೇಲಿಟ್ಟುಕೊಂಡು, "ಇನ್ನ ನೀವೇ ಇಡಬೇಕ್ರಿ" ಎಂದು ಇಳಿದು ಹೋದಳು.

ಕಲ್ಲಿನಿಂದ ಬಿಡಿಸಿ ಹೊರಗೆ ತಂದ ಕಾಗದದಲ್ಲಿ ಒಂದಕ್ಷರವೂ ಮೂಡಿರಲಿಲ್ಲ. ಆ ಬಿಸಿಲಿಗೆ ಗಳಿಗೆಯಲ್ಲಿ ಒಣಗಬೇಕಾದದ್ದು ಸಂಜೆಯವರೆಗೂ ಹಸಿಯಾಗಿಯೇ ಇತ್ತು. ಇಲ್ಲಿ ವಿಹಾರವಿಲ್ಲ ಎಂದು ಬರೆದು ಕಳಿಸಿದೆ. ಭಯವಾಗಲಿಲ್ಲ. ಏನೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಕಾಗದ ಲಿಂಗಸುಗೂರಿನ ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ಇನ್ನೂ ಒಣಗಿಲ್ಲ. ದಿನಾ ಪೆಟ್ಟಿಗೆಯ ಮುಂದೆ ಒಂದು ತಂಬಿಗೆ ನೀರಿಡುತ್ತೇನೆ. ಯಾರಿಗೆ ಎಂದು ಹೆಂಡತಿ ಮೊದಮೊದಲು ಕೇಳುತ್ತಿದ್ದಳು. ಈಗ ನಾನು ಊರಲ್ಲಿಲ್ಲದಾಗ ಅವಳೇ ತುಂಬಿಡುತ್ತಾಳೆ.